ತಾರೀಖು ಹೇಳಿ ಬರುವ ಕೂಸು

ಹೆರಿಗೆ ಅಂದರೆ ನಡುರಾತ್ರಿ ನೋವು ಬರಬೇಕು. ಆಟೋ ಸಿಗಬಾರದು. ಪಕ್ಕದ ಮನೆಯವರ ಗಾಡಿ ಕೇಳಬೇಕು. ಗಂಡ ಅಂಗಿ ತಿರುಗಾಮುರುಗಾ ಹಾಕಿಕೊಂಡು ಓಡಬೇಕು. ಕೇಳಿದ ಕತೆಗಳೆಲ್ಲ ಹೀಗೇ ಇರುತ್ತವೆ, ಅಲ್ವಾ? ನನ್ನ ಪಾಲಿಗೆ ಇದೊಂದೂ ಬರಲಿಲ್ಲ. ಡಾಕ್ಟರಮ್ಮ ಒಂದು ಕಣ್ಣಲ್ಲಿ ಸ್ಕ್ಯಾನಿಂಗ್ ರಿಪೋರ್ಟ್, ಇನ್ನೊಂದು ಕಣ್ಣಲ್ಲಿ ಕ್ಯಾಲೆಂಡರ್ ನೋಡಿ, "ಜನವರಿ 16 ಇಲ್ಲಾ 17. ಯಾವುದು ಅನುಕೂಲ ಆಗ್ತದ ನೋಡ್ರಿ" ಅಂದರು. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದಷ್ಟೇ ಸಲೀಸು.

ಕಾರಣ ಸಾದಾ. ತಲೆ ಕೆಳಗೆ ಮಾಡಬೇಕಾದ ಹೊತ್ತಿಗೆ ಕೂಸು ಹೊಟ್ಟೆಯೊಳಗೆ ನೆಟ್ಟಗೆ ಕೂತುಬಿಟ್ಟಿತ್ತು. ದಿನ ತುಂಬಿದಾಗ ನೂರಕ್ಕೆ ಮೂರು ನಾಲ್ಕು ಕೂಸುಗಳು ಹೀಗೆ ಕೂತೇ ಇರುತ್ತವೆ. ಹಾಗಾಗಿ ನನಗೆ ಸೀಜರ್, ಅಂದರೆ ಹೊಟ್ಟೆ ಕೊಯ್ದು ಕೂಸು ತೆಗೆಯುವ ಆಪರೇಷನ್. ಸುದ್ದಿ ಕೇಳಿ ನಮ್ಮ ಆಯಿ, "ಅವರಪ್ಪನ ಮನಿ ಮಂದಿ ಎಲ್ಲಿ ಹೋದ್ರೂ ಮೊದ್ಲ ಕುಂಡ್ರಲಾಕ ಜಾಗಾ ನೋಡ್ತಾರ. ಕೂಸಿಂದೇನ್ ತಪ್ಪೈತಿ?" ಅಂದಳು. ನಮ್ಮವರು ಸುಮ್ಮನೆ ಕುರ್ಚಿ ಬಿಟ್ಟು ಎದ್ದು ನಿಂತರು.

ಆಯಿ ಏಳು ಹಡೆದವಳು, ಎಲ್ಲವೂ ಮನೆಯಲ್ಲೇ. ಒಂದಕ್ಕೂ ತಾರೀಖು ಗೊತ್ತಿಲ್ಲ. ಒಬ್ಬ ಹಸ್ತದ ಮಳೆಯಲ್ಲಿ ಹುಟ್ಟಿದ, ಒಬ್ಬಳು ಜೋಳದ ರಾಶಿಯ ದಿನ. ಶಾಲೆಗೆ ಹಚ್ಚುವಾಗ ಮಾಸ್ತರು ಎಲ್ಲರಿಗೂ ಜೂನ್ 1 ಅಂತ ಬರೆದುಕೊಂಡರು. ನಮ್ಮಪ್ಪ, ಕಾಕಾ, ಅತ್ತೆ ಎಲ್ಲರದೂ ಒಂದೇ ದಿನ ಬರ್ತ್‌ಡೇ. ಇಂಥ ಆಯಿ ಮೊಮ್ಮಗಳ ಕೂಸಿನ ತಾರೀಖಿಗೆ ಪಂಚಾಂಗ ಹಿಡಿದು ಕೂತಳು. ಸಂಕ್ರಮಣಕ್ಕೆ ಮೊದಲು ಬೇಡ, ಧನುರ್ಮಾಸ. ಆ ವರ್ಷ ಸಂಕ್ರಮಣ 15ಕ್ಕೆ ಇತ್ತು. 16 ಕರಿ ದಿನ, ಅವತ್ತು ಯಾರಾದರೂ ಒಳ್ಳೆ ಕೆಲಸ ಮಾಡ್ತಾರಾ? ಹಾಗಾಗಿ 17. ಅವತ್ತು ಬುಧವಾರ, 12ರಿಂದ ಒಂದೂವರೆ ತನಕ ರಾಹುಕಾಲ. ಅದರ ಮೊದಲೇ ಕೂಸು ಹೊರಗೆ ಬರಬೇಕು. ಇಷ್ಟನ್ನೂ ಅವಳು ಡಾಕ್ಟರಮ್ಮನ ಎದುರಿಗೇ ಹೇಳಿದಳು.

ಡಾಕ್ಟರಮ್ಮ ವಿಜಯಪುರದಲ್ಲಿ ಇಂಥ ಆಯಿಗಳನ್ನು ಬೇಕಾದಷ್ಟು ನೋಡಿದವರು. ಕಾರಣ ಇಲ್ಲದೆ 39 ವಾರಕ್ಕೆ ಮೊದಲು ತೆಗೆಯುವುದಿಲ್ಲ, ಅವಸರ ಮಾಡಿದರೆ ಕೂಸಿಗೆ ಉಸಿರಾಟದ ತೊಂದರೆ ಆಗಬಹುದು ಎಂದು ತಿಳಿಸಿ ಹೇಳಿದರು. "ಟೈಮಿಂದು ಮಾತ್ರ ನನ್ನ ಕೈಯಾಗಿಲ್ಲ ಆಯಿ. ಅರಿವಳಿಕೆ ಡಾಕ್ಟರು ಇನ್ನೆರಡು ಆಸ್ಪತ್ರಿ ಮುಗಿಸಿ ಬರಬೇಕು." ಆಮೇಲೆ ನನ್ನ ಕಡೆ ತಿರುಗಿ, ಅದಕ್ಕೂ ಮೊದಲೇ ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ, ಇಲ್ಲಾ ಕೂಸಿನ ಹೊರಳಾಟ ಕಡಿಮೆ ಅನ್ನಿಸಿದರೆ ಯಾವ ಪಂಚಾಂಗವನ್ನೂ ನೋಡದೆ ಬಂದುಬಿಡಬೇಕು ಎಂದರು. ಆಯಿ ಅದಕ್ಕೆ ಒಪ್ಪಿದಳು. ರಾಹುಕಾಲಕ್ಕೆ ಮಾತ್ರ ಒಪ್ಪಲಿಲ್ಲ.

ದಿನ ಗೊತ್ತಿಲ್ಲದ ಹೆದರಿಕೆ ಬರುತ್ತದೆ, ಹೋಗುತ್ತದೆ. ದಿನ ಗೊತ್ತಾದ ಹೆದರಿಕೆ ಮನೆಯಲ್ಲೇ ಮುಕ್ಕಾಂ ಹೂಡುತ್ತದೆ. ಬೆಳಗ್ಗೆ ಚಹಾ ಕುಡಿಯುವಾಗ ಎದುರಿಗೆ ಕೂರುತ್ತದೆ. ರಾತ್ರಿ ಮಗ್ಗಲು ಬದಲಿಸಿದರೆ ಅದೂ ಬದಲಿಸುತ್ತದೆ. ಅದನ್ನು ಓಡಿಸಲು ಬಂದವರು ಕಡಿಮೆಯೇನಲ್ಲ. ಎದುರು ಮನೆಯ ಕಾಕು ಬಂದರು, "ಏನೂ ಹೆದರಬ್ಯಾಡ" ಎಂದರು. ಅದರ ಬೆನ್ನಿಗೇ ತಮ್ಮ ತಂಗಿಗೆ ಹೊಲಿಗೆ ಕೂಡದೆ ಮತ್ತೆ ದವಾಖಾನೆ ಸೇರಿದ್ದನ್ನು ಹೇಳಿದರು. ವೈನಿಯ ಅಕ್ಕ ಫೋನ್ ಮಾಡಿ, "ಹೆದರಬ್ಯಾಡವಾ, ಆದ್ರ ಬೆನ್ನಾಗ ಸೂಜಿ ಚುಚ್ಚಿಸಿಕೊಂಡವ್ರಿಗೆ ಸಾಯೂತನಕ ಬೆನ್ನುನೋವು ಬಿಡಂಗಿಲ್ಲ" ಎಂದಳು. ನಮ್ಮ ಕಡೆ ಧೈರ್ಯ ಹೇಳುವ ಮಾತಿಗೆ 'ಆದ್ರ' ಎಂಬ ಬಾಲ ಇರಲೇಬೇಕು.

ನನ್ನ ಹೆದರಿಕೆ ಇಳಿಸಿದ್ದು ಆಸ್ಪತ್ರೆಯ ಒಬ್ಬ ಸಿಸ್ಟರ್. ಇಂಡಿ ಕಡೆಯವರು. ಬಿ.ಪಿ. ನೋಡುತ್ತ, "ನಿಮಗ ಯಾವುದರ ಹೆದರಿಕಿ?" ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲದ್ದೂ ಎಂದೆ. "ಎಲ್ಲಾದ್ದು ಅಂದ್ರ ನಾ ಏನ್ ಹೇಳ್ಲಿ? ಒಂದೊಂದ ಹೇಳ್ರಿ" ಎಂದರು. ಒಂದೊಂದೇ ಹೇಳುತ್ತ ಹೋದರೆ ಮೊದಲು ಬಂದದ್ದು ಅರಿವಳಿಕೆಗೆ ಬೆನ್ನಿಗೆ ಚುಚ್ಚುವ ಸೂಜಿ. ಸೊಂಟದ ಮೇಲೆ ಮೊದಲು ತಣ್ಣಗೆ ಒರೆಸುತ್ತಾರೆ, ಚರ್ಮಕ್ಕೆ ಒಂದು ಸಣ್ಣ ಸೂಜಿ, ಆಮೇಲೆ ಒತ್ತಿದಂತೆ ಆಗುತ್ತದೆ, ಕಾಲು ಬೆಚ್ಚಗಾಗಿ ಭಾರ ಆಗುತ್ತವೆ ಎಂದರು. ಬೆನ್ನುನೋವು? ಬಸುರಿಯ ಬೆನ್ನು ಒಂಬತ್ತು ತಿಂಗಳು ಭಾರ ಹೊತ್ತಿರುತ್ತದೆ, ಆಮೇಲೆ ಬಗ್ಗಿ ಬಗ್ಗಿ ಹಾಲು ಕುಡಿಸುತ್ತದೆ. ನಾರ್ಮಲ್ ಆದವರಿಗೂ ಬೆನ್ನು ನೋಯುತ್ತದೆ. ಪಾಪ, ಬೈಸಿಕೊಳ್ಳುವುದು ಸೂಜಿ. ಕೆಲವರಿಗೆ ನಾಲ್ಕು ದಿನ ತಲೆನೋವು ಬರುವುದುಂಟು, ಬಂದರೆ ಹೇಳಬೇಕು, ಅದಕ್ಕೆ ಔಷಧ ಇದೆ.

ಇನ್ನೊಂದು ದೊಡ್ಡ ಹೆದರಿಕೆ, ನಡುವೆ ನನಗೆ ಗೊತ್ತಾಗಿಬಿಟ್ಟರೆ? ಗೊತ್ತಾಗುತ್ತದೆ ಎಂದರು ಸಿಸ್ಟರ್, ಯಾವ ಮುಚ್ಚುಮರೆಯೂ ಇಲ್ಲದೆ. ಮುಟ್ಟಿದ್ದು, ಎಳೆದದ್ದು, ಒತ್ತಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಗೊತ್ತಾದರೆ ಬಾಯಿಬಿಟ್ಟು ಹೇಳಬೇಕು. ತಲೆ ಹತ್ತಿರವೇ ಡಾಕ್ಟರು ಕೂತಿರುತ್ತಾರೆ. ಬಿ.ಪಿ. ಇಳಿದು ವಾಂತಿ ಬಂದಂತೆ ಆಗಬಹುದು, ಮೈ ಗಡಗಡ ನಡುಗಬಹುದು. ನಡುಗಿದರೆ ಏನೋ ಕೆಟ್ಟಿತು ಅಂದುಕೊಳ್ಳಬಾರದು, ಅದು ಬಹಳ ಮಂದಿಗೆ ಆಗುತ್ತದೆ. ಹೊಟ್ಟೆಯ ಸ್ನಾಯುಗಳನ್ನು ಕೊಯ್ಯುವುದಿಲ್ಲ, ಎರಡೂ ಕಡೆ ಸರಿಸುತ್ತಾರೆ ಎಂಬುದೂ ನನಗೆ ಅವತ್ತೇ ಗೊತ್ತಾಗಿದ್ದು. ಕೂಸು ಹತ್ತು ನಿಮಿಷದೊಳಗೆ ಹೊರಗೆ. ಉಳಿದ ಅರ್ಧ ಮುಕ್ಕಾಲು ಗಂಟೆ ಬರೀ ಹೊಲಿಗೆ. ಹೊಲಿಗೆಗೇ ಜಾಸ್ತಿ ಹೊತ್ತು ಎಂದು ಕೇಳಿ ನನಗೆ ಯಾಕೋ ಸಮಾಧಾನ ಆಯಿತು. ನಮ್ಮ ಟೇಲರ್ ಕೂಡ ಹಾಗೇ ಹೇಳುತ್ತಾನೆ.

ಬ್ಯಾಗಿನ ಕೆಲಸ ಅವ್ವ ಮತ್ತು ಆಯಿಯದು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ತಾಯಿ ಕಾರ್ಡ್, ಆಧಾರ್, ಸ್ಕ್ಯಾನಿಂಗ್ ರಿಪೋರ್ಟುಗಳು, ಮುಂದೆ ಗುಂಡಿ ಇರುವ ನೈಟಿ, ಪ್ಯಾಡು, ಚಪ್ಪಲಿ ಇತ್ತು. ಇದಿಷ್ಟೂ ಬ್ಯಾಗಿನ ಒಂದು ಮೂಲೆಗೆ ಹೋಯಿತು. ಉಳಿದ ಜಾಗ ಅವ್ವನ ಕೌದಿಗೆ, ಕುಂಚಿಗೆಗೆ, ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಹಳೆ ಧೋತರದ ತುಂಡುಗಳಿಗೆ. ಕೂಸು ಹುಟ್ಟುವ ಮೊದಲು ಹೊಸ ಬಟ್ಟೆ ತರುವ ಹಾಗಿಲ್ಲ. ಹೊಸದು ತಂದರೂ ಇಷ್ಟು ಮೆತ್ತಗೆ ಇರುವುದಿಲ್ಲ ಬಿಡಿ. ಆಯಿ ಜೇನುತುಪ್ಪದ ಸಣ್ಣ ಬಾಟಲಿಯೊಂದನ್ನು ಸೇರಿಸಿದ್ದಳು. ಅದನ್ನು ನಾನು ತೆಗೆದಿಟ್ಟೆ. ಒಂದು ವರ್ಷ ಆಗುವ ತನಕ ಕೂಸಿಗೆ ಜೇನು ಕೊಡಬಾರದು, ಮೊದಲು ತಾಯಿ ಹಾಲು, ಅದೂ ಆದಷ್ಟು ಒಂದು ಗಂಟೆಯೊಳಗೆ ಎಂದು ಸಿಸ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಬ್ಯಾಗಿನ ತಳದಲ್ಲಿ ಒಂದು ಬಿಳಿ ಹಾಳೆ, ಒಂದು ಹೊಸ ಪೆನ್ನು ಇತ್ತು. ಇದು ಸಟವಿಗೆ. ಐದನೇ ರಾತ್ರಿ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಸೀಜರ್ ಆದವರು ಅವತ್ತು ಇನ್ನೂ ಆಸ್ಪತ್ರೆಯಲ್ಲೇ ಇರಬಹುದು. ಅಕಿಗೆ ವಾರ್ಡ್ ನಂಬರ್ ಯಾರು ಹೇಳಬೇಕು ಎಂಬುದು ಆಯಿಯ ಚಿಂತೆ. ನನಗಿಂತ ಅವಳಿಗೇ ಜಾಸ್ತಿ ಕೆಲಸ ಇತ್ತು.

ಹಿಂದಿನ ರಾತ್ರಿಯ ಉಪವಾಸ ಬೇರೆ ಯಾವ ತಿಂಗಳಲ್ಲಾದರೂ ಸುಲಭ. ಸಂಕ್ರಮಣದ ಮರುದಿನ ನಮ್ಮೂರಲ್ಲಿ ಅದು ಶಿಕ್ಷೆ. ಸಿದ್ಧೇಶ್ವರ ಜಾತ್ರೆ ಬೇರೆ, ಮನೆ ತುಂಬ ನೆಂಟರು. ಭೋಗಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇನ್ನೂ ಬುಟ್ಟಿಯಲ್ಲಿವೆ, ಮಾದಲಿಯ ಡಬ್ಬಿಯ ಮುಚ್ಚಳ ತೆಗೆದರೆ ಏಲಕ್ಕಿ ವಾಸನೆ. ನನಗೆ ರಾತ್ರಿ ಎಂಟಕ್ಕೆ ಒಂದಿಷ್ಟು ಅನ್ನ, ಸಾರು. ಆಮೇಲೆ ಏನೂ ಇಲ್ಲ. ಆಪರೇಷನ್ನಿಗೆ ಕಡಿಮೆ ಅಂದರೂ ಆರು ತಾಸು ಇರುವಾಗಲೇ ಗಟ್ಟಿ ಪದಾರ್ಥ ನಿಲ್ಲಬೇಕು, ನೀರನ್ನು ಎರಡು ತಾಸು ಮೊದಲಿನ ತನಕ ಕುಡಿಯಬಹುದು ಎಂದಿದ್ದರು. ಹೊಟ್ಟೆಯಲ್ಲಿ ಇದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು, ಅದಕ್ಕೆ. "ಒಂದ್ ಚಮಚ ಮಾದಲಿ, ಯಾರಿಗ್ ಗೊತ್ತಾಗ್ತದ?" ಎಂದರು ಒಬ್ಬ ನೆಂಟರು. ಅವರನ್ನು ಅವ್ವ ಅಡುಗೆಮನೆಯಿಂದ ಹೊರಗೆ ಕಳಿಸಿದಳು.

ನಿದ್ದೆ ಬರಲಿಲ್ಲ. ನಮ್ಮವರಿಗೂ ಬಂದಿರಲಿಲ್ಲ. ನನಗೆ ಧೈರ್ಯ ಬರಲಿ ಎಂದು ಅವರು ಮೊಬೈಲಿನಲ್ಲಿ ಬೆನ್ನಿನ ಇಂಜೆಕ್ಷನ್ನಿನ ಇತಿಹಾಸ ಹುಡುಕಿ ಓದತೊಡಗಿದರು. 1898ರಲ್ಲಿ ಜರ್ಮನಿಯಲ್ಲಿ ಆಗಸ್ಟ್ ಬೀರ್ ಎಂಬ ಡಾಕ್ಟರ್ ಇದನ್ನು ತನ್ನ ಮೇಲೂ ತನ್ನ ಸಹಾಯಕನ ಮೇಲೂ ಪರೀಕ್ಷೆ ಮಾಡಿದನಂತೆ. ಇವನಿಗೆ ಚುಚ್ಚುವಾಗ ಸಿರಿಂಜ್ ಸೂಜಿಗೆ ಸರಿಯಾಗಿ ಕೂರಲಿಲ್ಲ. ಆಮೇಲೆ ಸಹಾಯಕನಿಗೆ ಚುಚ್ಚಿ, ನೋವು ಆಗುತ್ತದೋ ಇಲ್ಲವೋ ನೋಡಲು ಅವನ ಮೊಣಕಾಲಿನ ಕೆಳಗಿನ ಎಲುಬಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರು, ಉರಿಯುವ ಸಿಗಾರ್ ಹಚ್ಚಿದರು. ಅವನಿಗೆ ಏನೂ ಗೊತ್ತಾಗಲಿಲ್ಲ. ಖುಷಿಗೆ ಇಬ್ಬರೂ ವೈನ್ ಕುಡಿದರು. ಮರುದಿನದಿಂದ ಇಬ್ಬರಿಗೂ ತಲೆನೋವು. ಇಲ್ಲಿಗೆ ಬಂದಾಗ ನಮ್ಮವರು ಓದು ನಿಲ್ಲಿಸಿ, "ಈಗಿನ ಸೂಜಿ ಬಾಳ ಸಣ್ಣ ಇರ್ತಾವಂತ" ಎಂದು ಸೇರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ನನ್ನ ನಗುವಿಗೆ ಕೂಸೂ ಎದ್ದು ಒದೆಯಿತು. ಅದು ಕುಂತಲ್ಲೇ.

ಬೆಳಗ್ಗೆ ಎಲ್ಲ ಬೇಗ ಬೇಗ. ಸ್ನಾನ, ಗೌನು, ಕೈಗೆ ಸಲೈನ್. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಾರೆ, ಅದಕ್ಕೆ ಉಗುರುಬಣ್ಣ ಇರಬಾರದು. ರಕ್ತ ನಿಲ್ಲಿಸಲು ಸುಡುವ ಕರೆಂಟಿನ ಮಷಿನ್ ಬಳಸುತ್ತಾರೆ, ಅದಕ್ಕೆ ಮೈಮೇಲೆ ಲೋಹ ಇರಬಾರದು. ತಾಳಿ ಅವ್ವನ ಕೈಗೆ ಹೋಯಿತು, ಕೊರಳಿಗೆ ಅರಿಷಿಣ ದಾರ ಬಂತು. ಕುಬಸದಲ್ಲಿ ತೊಡಿಸಿದ ಹಸಿರು ಬಳೆ ಒಡೆಯಲು ಯಾರಿಗೂ ಮನಸ್ಸಿಲ್ಲ. ಸಿಸ್ಟರ್ ಬಳೆಗಳನ್ನು ಮೇಲಕ್ಕೆ ಸರಿಸಿ ಬ್ಯಾಂಡೇಜ್ ಸುತ್ತಿದರು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕು, ಕೌಂಟರಿನ ಪೆನ್ನು ಬರೆಯುತ್ತಿಲ್ಲ. ನಮ್ಮವರು ಬ್ಯಾಗಿಗೆ ಕೈ ಹಾಕಿ ಸಟವಿಯ ಪೆನ್ನು ತೆಗೆದು ಸಹಿ ಮಾಡಿಬಿಟ್ಟರು. ಆಯಿ ಅವರನ್ನೇ ನೋಡಿದಳು. "ಬರೀರಿ ಅಳ್ಯಾರ, ಬರೀರಿ. ಅಕಿ ಬರಿಯೂದ್ರಾಗ ಏನರ ತಪ್ಪಿದ್ರ ನಿಮ್ಮ ಸಹಿ ಐತೆಲ್ಲ" ಎಂದಳು.

ಆಪರೇಷನ್ ಕೋಣೆ ಬಹಳ ತಣ್ಣಗಿತ್ತು. ಜನವರಿ ಬೇರೆ. ಕೂರಿಸಿ, ಗದ್ದ ಎದೆಗೆ ಹಚ್ಚಿ ಬೆನ್ನು ಹೊರಗೆ ಬಾಗಿಸಿ ಎಂದರು. ಒಂಬತ್ತು ತಿಂಗಳ ಹೊಟ್ಟೆ ಇಟ್ಟುಕೊಂಡು ಬಾಗುವುದು ಹೇಗೆ ಎಂದು ಯಾರೂ ಹೇಳಿಕೊಡುವುದಿಲ್ಲ, ಎದುರಿಗೆ ನಿಂತ ಸಿಸ್ಟರಿನ ಹೆಗಲಿಗೆ ತಲೆ ಕೊಟ್ಟರೆ ತಾನೇ ಬಾಗುತ್ತದೆ. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಇದೊಂದು ನಿಜವಾಗಿಯೂ ಕೆಲಸ ಮಾಡುತ್ತದೆ, ಎಣಿಸುವವರಿಗೆ ಬೇರೆ ಯೋಚನೆ ಮಾಡಲು ಪುರುಸೊತ್ತು ಇರುವುದಿಲ್ಲ. ಮುಂದಿನದು ಸಿಸ್ಟರ್ ಹೇಳಿದ ಹಾಗೇ ನಡೆಯಿತು. ಬಿಸಿ, ಭಾರ, ಪರದೆ, ಎಳೆದಾಟ. ನಡುಕ ಬಂತು, ಬಂದಾಗ ಹಳೆಯ ಗುರುತಿನವರು ಬಂದ ಹಾಗೆ ಇತ್ತು. ಆಮೇಲೆ ಅಳು ಕೇಳಿಸಿತು. ಅದು ನನ್ನದಲ್ಲ.

ಹೊರಗೆ ಸಿಸ್ಟರ್ ಕೂಸನ್ನು ತೋರಿಸಿದಾಗ ಆಯಿ ಕೇಳಿದ ಮೊದಲ ಮಾತು, "ಟೈಮ್ ಎಷ್ಟಾಗಿತ್ತು?" ಹನ್ನೆರಡು ಗಂಟೆ ನಾಲ್ಕು ನಿಮಿಷ ಎಂದರಂತೆ. ಆಯಿ ಒಂದು ಕ್ಷಣವೂ ತಡಮಾಡಲಿಲ್ಲ. "ಆಸ್ಪತ್ರಿ ಗಡಿಯಾರ ಯಾವಾಗ್ಲೂ ಐದು ಮಿನಿಟ್ ಮುಂದ ಇರ್ತಾವು" ಎಂದು ಹೇಳಿ ಕೂಸಿನ ಮುಖ ನೋಡಿದಳು.

ಮರುದಿನ ಎಬ್ಬಿಸಿ ನಡೆಸಿದರು. ಆ ಮೊದಲ ನಾಲ್ಕು ಹೆಜ್ಜೆಯ ಬಗ್ಗೆ ಯಾರೂ ಮೊದಲೇ ಸರಿಯಾಗಿ ಹೇಳುವುದಿಲ್ಲ, ಹೇಳಬೇಕು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಬೇಕು, ಎದ್ದೇಳುವಾಗ ಮೊದಲು ಮಗ್ಗಲಾಗಿ ಆಮೇಲೆ ಕೈ ಊರಬೇಕು. "ನಾರ್ಮಲ್ ಆಗ್ಲಿಲ್ಲೇನ?" ಎಂದು ಮುಖ ಸಣ್ಣ ಮಾಡಿ ಕೇಳುವವರನ್ನು ಆ ನಾಲ್ಕು ಹೆಜ್ಜೆಯ ಹೊತ್ತಿಗೆ ಕರೆಸಬೇಕು.

ಸಂಜೆ ಪಕ್ಕದ ಹಾಸಿಗೆಗೆ ಒಬ್ಬ ಹುಡುಗಿ ಬಂದಳು. ಸಿಂದಗಿ ಕಡೆಯವಳು, ಮರುದಿನ ಬೆಳಗ್ಗೆ ಅವಳ ಸೀಜರ್. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ನನಗೆ ಗೊತ್ತಾಯಿತು. ಯಾವುದರ ಹೆದರಿಕೆ ಎಂದು ಕೇಳಿದೆ. ಅವಳು ಉತ್ತರ ಹೇಳುವ ಮೊದಲೇ ಶುರು ಹಚ್ಚಿದೆ. ಸೂಜಿ, ಬಿಸಿಯಾಗುವ ಕಾಲು, ನಡುಕ, ಹತ್ತು ನಿಮಿಷ, ಸರಿಸುವ ಸ್ನಾಯು, ಮುಕ್ಕಾಲು ಗಂಟೆಯ ಹೊಲಿಗೆ. ಜರ್ಮನಿಯ ಸುತ್ತಿಗೆಯ ತನಕ ಬಂದಿದ್ದೆ. ಅವಳು ಕೈ ಮುಂದೆ ಮಾಡಿ ನಿಲ್ಲಿಸಿದಳು.

"ಅಕ್ಕಾರ, ಅದೆಲ್ಲಾ ಬ್ಯಾಡ್ರಿ. ಹೆದರಬ್ಯಾಡ ಅಂತ ಒಂದ್ ಸಲ ಅನ್ರಿ, ಸಾಕು."

ಅಂದೆ.