ಔಟ್‌ಟರ್ನ್ ನೋಡದ ಜರ್ನಲ್

ಮಳೆಗೆ ಎರಡು ದಿನದಿಂದ ಕರೆಂಟ್ ಇರಲಿಲ್ಲ. ಕೊಡೆ ಹಿಡಿದು ತೋಟದ ಗೇಟಿನ ತನಕ ಹೋದರೆ ಮಾತ್ರ ನೆಟ್‌ವರ್ಕ್ ಸಿಗುತ್ತೆ. ಹೋದೆ. ಫೋನಿಗೆ ಜೀವ ಬಂದ ಕೂಡಲೇ ಬಂದ ಮೊದಲ ಮೇಲ್: ‘ಮಾನ್ಯ ಮಹಾವಿದ್ವಾಂಸರೇ, ನಿಮ್ಮ ಅಮೂಲ್ಯ ಲೇಖನಕ್ಕಾಗಿ ಕಾದಿದ್ದೇವೆ. ಮೂರೇ ದಿನದಲ್ಲಿ ಪ್ರಕಟಣೆ. ಶುಲ್ಕ 1,800 ರೂಪಾಯಿ. ಸರ್ಟಿಫಿಕೇಟ್ ಉಚಿತ.’ ಸಂಶೋಧನಾ ಲೇಖನ ಪ್ರಕಟಿಸೋ ಈ ಜರ್ನಲ್ ಮೂಳೆ ರೋಗದ್ದು. ನಾನು ಪಾಠ ಮಾಡೋದು ಹಳಗನ್ನಡ. ಇರಲಿ, ನಮ್ಮ ಕಾಲೇಜಿನವರೇ ನನ್ನ ಇನಿಷಿಯಲ್ ಇವತ್ತಿಗೂ ತಪ್ಪು ಬರೀತಾರೆ, ಇವರಾದರೂ ಗುರುತಿಸಿದರಲ್ಲ!

ಐಎಸ್‌ಎಸ್‌ಎನ್, ಅಂದರೆ ಪತ್ರಿಕೆಯ ಗುರುತಿನ ನಂಬರ್, ಇದೆ ಅಂತ ದೊಡ್ಡಕ್ಷರದಲ್ಲಿ ಹಾಕಿದ್ದಾರೆ. ಜೀಪಿಗೆ ಕೆಎ 12 ಪ್ಲೇಟ್ ಇದ್ದರೆ ಬ್ರೇಕೂ ಇದೆ ಅಂತ ನಂಬೋರಿಗೆ ಇದು ಸಾಕು.

ಇದಕ್ಕಿಂತ ನಮ್ಮ ಕಾಫಿ ವ್ಯಾಪಾರಿಯೇ ವಾಸಿ ಅನ್ನಿಸೋದು ಸುಮ್ನೆ ಅಲ್ಲ. ಕಳೆದ ಸಲ ಗೋಣಿಕೊಪ್ಪಕ್ಕೆ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಒಯ್ದಿದ್ದೆ. ಆ ಪುಣ್ಯಾತ್ಮ ಒಂದು ಚೀಲ ನೋಡಿ ಬಿಡಲಿಲ್ಲ, ಅಡಿಯಲ್ಲಿದ್ದ ಚೀಲಕ್ಕೂ ಕೈ ಹಾಕಿ ಸ್ಯಾಂಪಲ್ ತೆಗೆದ. ಪುಟ್ಟ ಮಿಷನ್ನಿಗೆ ಹಾಕಿ ಸಿಪ್ಪೆ ತೆಗೆಸಿದ, ಬೀಜ ತೂಗಿದ, ತೇವ ಅಳೆದ, ಕಪ್ಪು ಕಾಳನ್ನು ಬೆರಳಲ್ಲಿ ಬೇರೆ ಮಾಡಿದ. ಬೋರರ್ ಹುಳ ಕೊರೆದ ಒಂದು ಬೀಜ ಎತ್ತಿ, ಬೆಳಕಿಗೆ ಹಿಡಿದು, ನನ್ನನ್ನೇ ಕಳ್ಳನ ಹಾಗೆ ನೋಡಿದ. “ಔಟ್‌ಟರ್ನ್ 26 ಮೇಷ್ಟ್ರೇ, ಇದಕ್ಕಿಂತ ಜಾಸ್ತಿ ಬರಲ್ಲ.” ಅಂದರೆ 50 ಕೆಜಿ ಚೀಲಕ್ಕೆ 26 ಕೆಜಿ ಬೀಜ. ಉಳಿದದ್ದು ಸಿಪ್ಪೆ. ಸಂಶೋಧನಾ ಲೇಖನಕ್ಕೂ ಇಂಥದ್ದೊಂದು ಮಿಷನ್ ಇದ್ದಿದ್ದರೆ! ನನ್ನದೇ ಎರಡು ಲೇಖನದಲ್ಲಿ ಬೀಜ ಎಷ್ಟು ಸಿಗ್ತಿತ್ತು ಅಂತ ಹೇಳೋಕೆ ನಾಚಿಕೆ.

ಹೊರದೇಶದಲ್ಲೂ ಇದೇ ಕಥೆ. 2014ರಲ್ಲಿ ಆಸ್ಟ್ರೇಲಿಯಾದ ಒಬ್ಬರು ಇಂಥ ಮೇಲುಗಳಿಂದ ತಲೆ ಕೆಟ್ಟು, ‘ನಿಮ್ಮ ಮೇಲ್ ಪಟ್ಟಿಯಿಂದ ನನ್ನನ್ನು ತೆಗೀರಿ’ ಅನ್ನೋ ಮಾತನ್ನೇ ನಡುವೆ ಒಂದು ಬೈಗುಳ ಸೇರಿಸಿ ಪುಟಗಟ್ಟಲೆ ತುಂಬಿದ್ದ ಹಳೆಯ ತಮಾಷೆ ಲೇಖನವೊಂದನ್ನು ಕಳಿಸಿಬಿಟ್ಟರು. ಜರ್ನಲ್‌ನವರು ಅದಕ್ಕೆ ‘ಅತ್ಯುತ್ತಮ’ ಅಂತ ಅಂಕ ಕೊಟ್ಟು 150 ಡಾಲರ್ ಕೇಳಿದರು.

ಕಾಲೇಜುಗಳ ಮೇಲಿರೋ ನಮ್ಮ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸುಮ್ಮನೆ ಕೂತಿಲ್ಲ ಬಿಡಿ. ಒಪ್ಪಿಗೆಯ ಜರ್ನಲ್‌ಗಳದ್ದು ಅಂತ ಒಂದು ಪಟ್ಟಿ ಮಾಡಿತು. 2018ರ ಮೇನಲ್ಲಿ ಅದರಿಂದ ಒಂದೇ ಏಟಿಗೆ 4,305 ಜರ್ನಲ್ ಕಿತ್ತು ಹಾಕಿತು. ಅವು ಒಳಗೆ ಹೇಗೆ ಬಂದಿದ್ದವು ಅಂತ ಕೇಳಬೇಡಿ, ಆನೆ ಕಂದಕ ದಾಟಿದ್ದು ಹೇಗೆ ಅಂತ ಯಾರಾದರೂ ಹೇಳ್ತಾರಾ? ಆಮೇಲೆ ಅದರ ಬದಲಿಗೆ ಕೇರ್ ಅನ್ನೋ ಹೊಸ ಪಟ್ಟಿ ಬಂತು. ಒಳ್ಳೆ ಜರ್ನಲ್‌ನ ಹೆಸರಲ್ಲೇ ನಕಲಿ ವೆಬ್‌ಸೈಟ್ ಮಾಡಿ ದುಡ್ಡು ವಸೂಲಿ ಮಾಡೋರೂ ಹಿಂದೆಯೇ ಬಂದರು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯೂ ಹೋಯಿತು. ಈಗ ಕೆಲವು ಮಾನದಂಡದ ಸಲಹೆ ಕೊಟ್ಟು, ನೀವೇ ನೋಡ್ಕೊಳ್ಳಿ ಅಂದಿದೆ. ಕಾಲೇಜುಗಳಲ್ಲಿ ನೋಡ್ಕೊಳ್ಳೋರು ಯಾರು? ಎಷ್ಟೋ ಕಡೆ, ಮೂರು ದಿನದ ಜರ್ನಲ್‌ನಲ್ಲಿ ಬರೆದು ಬಡ್ತಿ ತಗೊಂಡವರೇ.

ನಗು ಇಷ್ಟಕ್ಕೇ ಸಾಕು. ಈ 1,800 ಕೊಡೋರು ದೊಡ್ಡ ಸಂಬಳದವರಲ್ಲ. ರಜೆ ಬಂದರೆ ಸಂಬಳ ನಿಲ್ಲುವ ಅತಿಥಿ ಉಪನ್ಯಾಸಕರು. ಕೆಲಸಕ್ಕೆ ತಗೊಳ್ಳುವಾಗ ಅವರ ಲೇಖನ ಯಾರೂ ಓದಲ್ಲ, ಎಷ್ಟಿವೆ ಅಂತ ಎಣಿಸ್ತಾರೆ ಅಷ್ಟೇ. ಓದದವರು ಯಾಕ್ರೀ ಬರೆಸ್ತೀರಿ?

ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಎರಡು ಮಳೆಗಾಲ ಜಿಗಣೆ ಕಚ್ಚಿಸಿಕೊಂಡು ದೇವರಕಾಡು ಸುತ್ತಿ ಬರೆದಿದ್ದಾಳೆ. ಚೆನ್ನಾಗಿದೆ. “ಸರ್, ಯಾವುದಕ್ಕೆ ಕಳಿಸಲಿ?” ಅಂದಳು. ಹಳೇ ಸಂಚಿಕೆ ತೆಗೆದು ಎರಡು ಲೇಖನ ಓದಮ್ಮ, ಸಂಪಾದಕ ಮಂಡಳಿಯಲ್ಲಿ ಇರೋರಿಗೆ ತಾವು ಅಲ್ಲಿ ಇರೋದು ಗೊತ್ತಾ ಅಂತ ಒಂದು ಮೇಲ್ ಹಾಕಿ ಕೇಳು, ಆಮೇಲೆ ಕಳಿಸು ಅಂದೆ.

“ಅಂಥದ್ದೊಂದು ಸಿಕ್ಕಿದೆ ಸರ್. ಓದಿ ಹೇಳೋಕೇ ಹತ್ತು ತಿಂಗಳಾಗುತ್ತಂತೆ. ನಂಗೆ ಇಂಟರ್‌ವ್ಯೂ ಶುಕ್ರವಾರ.”

ಆ ಮೂಳೆ ರೋಗದವರ ಮೇಲ್ ಇನ್ನೂ ಡಿಲೀಟ್ ಮಾಡಿಲ್ಲ.