150 ರೂಪಾಯಿಗೆ ಹೋದ ಎರಡು ಕೆಲಸ

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಲ್ಲಿ ಮೀಟಿಂಗ್ ಇತ್ತು. ಬನಶಂಕರಿ ಆರನೇ ಹಂತ, 96 ಫ್ಲ್ಯಾಟು, ಆರು ಜನ ಸೆಕ್ಯುರಿಟಿ ಗಾರ್ಡುಗಳು. ಕನಿಷ್ಠ ವೇತನ ಹೆಚ್ಚಾಗಿದೆ ಅಂತ ಏಜೆನ್ಸಿಯವರು ಒಬ್ಬ ಗಾರ್ಡಿಗೆ 2,400 ರೂಪಾಯಿ ಬಿಲ್ ಏರಿಸಿದ್ದರು. ಪಿಎಫ್, ಇಎಸ್‌ಐ, ಏಜೆನ್ಸಿಯ ಸರ್ವಿಸ್ ಚಾರ್ಜು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಎಲ್ಲ ಸೇರಿ. ಆರು ಜನಕ್ಕೆ 14,400. ಫ್ಲ್ಯಾಟಿಗೆ ಹಂಚಿದರೆ ತಿಂಗಳಿಗೆ 150 ರೂಪಾಯಿ. ಎರಡು ಮಸಾಲೆ ದೋಸೆ ದುಡ್ಡು, ಅದೂ ಕೆಲವು ಹೋಟೆಲಲ್ಲಿ ಸಾಲಲ್ಲ.

ಆ 150 ರೂಪಾಯಿಗೆ ಒಂದೂವರೆ ಗಂಟೆ ಮಾತಾಡಿದೆವು!

ಒಬ್ಬರು ಡಿಮಾಂಡು ಸಪ್ಲೈ ಪಾಠ ಮಾಡಿದರು. ಸಂಬಳ ಏರಿದರೆ ಕೆಲಸ ಕಡಿಮೆ ಆಗೋದು ಸಹಜ, ಇದು ಸರ್ಕಾರಕ್ಕೆ ಅರ್ಥ ಆಗಲ್ಲ ಅಂದರು. ಕೊನೆಗೆ ಸೆಕ್ರೆಟರಿ "ಹಿಂದಿನ ಗೇಟಿಗೆ ಬೀಗ ಹಾಕಿ ಒಂದು ಕ್ಯಾಮೆರಾ ಇಡೋಣ, ಇಬ್ಬರನ್ನ ಕಳಿಸಿಬಿಡೋಣ" ಅಂದರು. ಜಾಸ್ತಿ ಕೈ ಮೇಲೆದ್ದವು. ನಾನು ಕೈ ಎತ್ತಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಸುಮ್ನೆ ಕೂತಿದ್ದೆ. ಇದನ್ನ ಬರೆಯೋದಕ್ಕೆ ಅದೂ ಒಂದು ಕಾರಣ.

ಮಾರನೇ ದಿನ ಹಿಂದಿನ ಗೇಟಿನ ಅಣ್ಣನ ಹತ್ತಿರ ಹೋದೆ. ರಾಯಚೂರು ಕಡೆಯವರು. ಸಂಬಳ ಏರಿತ್ತಂತಲ್ಲ ಅಂತ ಕೇಳಿದ್ದಕ್ಕೆ "ಏರೇತಿ ಅಂತಾರ್ರಿ ಸರ್, ಕೈಗೆ ಬರೋದು ಅಷ್ಟ ಐತ್ರಿ" ಅಂತ ನಕ್ಕು, ಫೋನಲ್ಲಿದ್ದ ಪೇ ಸ್ಲಿಪ್ ತೋರಿಸಿದರು. 26 ದಿನ, ದಿನಕ್ಕೆ 8 ಗಂಟೆ ಅಂತ ನೀಟಾಗಿತ್ತು. ಓವರ್‌ಟೈಮ್ ಅನ್ನೋ ಜಾಗದಲ್ಲಿ ಸೊನ್ನೆ. ಆದರೆ ಮೇಜಿನ ಮೇಲೆ, ವಿಸಿಟರ್ ಬುಕ್ಕಿನ ಕೆಳಗೆ, ಹಾಜರಿ ಪುಸ್ತಕ ಇತ್ತು. ಬೆಳಿಗ್ಗೆ 8ಕ್ಕೆ ಸಹಿ, ರಾತ್ರಿ 8ಕ್ಕೆ ಸಹಿ. ಮೂವತ್ತೂ ದಿನ. ವಾರದ ರಜೆ ತಗೊಂಡರೆ ಆ ದಿನದ ಸಂಬಳ ಕಟ್.

ಲೆಕ್ಕ ಹಾಕಿ ನೋಡಿ. 26 ದಿನ, 8 ಗಂಟೆ ಅಂದರೆ 208 ಗಂಟೆ. 30 ದಿನ, 12 ಗಂಟೆ ಅಂದರೆ 360. ಸುಮ್ನೆ ಒಂದು ಮಾತಿಗೆ ಸಂಬಳ 15,000 ಅಂತಿಟ್ಟುಕೊಳ್ಳಿ. ಕಾಗದದಲ್ಲಿ ಗಂಟೆಗೆ 72 ರೂಪಾಯಿ, ನಿಜವಾಗಿ 42 ರೂಪಾಯಿ ಕೂಡ ಇಲ್ಲ. ಹೆಚ್ಚುವರಿ ಗಂಟೆಗೆ ಡಬಲ್ ಕೊಡಬೇಕು ಅನ್ನೋ ನಿಯಮ ಆ ಸೊನ್ನೆಯಲ್ಲೇ ಮುಗಿದುಹೋಯಿತು. ಸರ್ಕಾರ ಎಷ್ಟೇ ಏರಿಸಲಿ, ಗಂಟೆ ಎಳೆದರೆ ಅದು ಮತ್ತೆ ಇಳಿಯುತ್ತೆ.

ಪಾಠ ಮಾಡಿದ ಆ ನೆರೆಯವರಿಗೆ ಹೇಳಬೇಕಿತ್ತು, ಆಗ ಬಾಯಿಗೆ ಬರಲಿಲ್ಲ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಕಡೆ ಸೇರಿ 410 ಫಾಸ್ಟ್ ಫುಡ್ ಅಂಗಡಿಗಳ ಲೆಕ್ಕ ತೆಗೆದು ನೋಡಿದರೆ, ಸಂಬಳ ಏರಿದ ಕಡೆ ಕೆಲಸ ಕಡಿಮೆ ಆಗಿರಲಿಲ್ಲ. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಹಾಗಂತ ಎಷ್ಟು ಏರಿಸಿದರೂ ಏನೂ ಆಗಲ್ಲ ಅಂತಲ್ಲ. ಅವರ ಲೆಕ್ಕವನ್ನ ಒಪ್ಪದವರೂ ಇದ್ದಾರೆ. ಸಿಯಾಟಲ್‌ನಲ್ಲಿ 13 ಡಾಲರ್ ಆದಾಗ ಮಾಲೀಕರು ಕಡಿಮೆ ಸಂಬಳದವರ ಗಂಟೆಗಳನ್ನ ಕತ್ತರಿಸಿದರು ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಹೇಳಿದರು. ಅಲ್ಲಿ ಕೂಲಿ ಗಂಟೆ ಲೆಕ್ಕ, ಅದಕ್ಕೇ ಗಂಟೆ ಕತ್ತರಿಸುತ್ತಾರೆ. ನಮ್ಮಲ್ಲಿ ತಿಂಗಳ ಲೆಕ್ಕ, ಅದಕ್ಕೇ ಗಂಟೆ ಎಳೆಯುತ್ತಾರೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮದು ಮೂರು ಜಾಗ: ಮುಂದಿನ ಗೇಟು, ಹಿಂದಿನ ಗೇಟು, ಬೇಸ್‌ಮೆಂಟು. 12 ಗಂಟೆ ಶಿಫ್ಟಿಗೆ ಆರು ಜನ. ಕಾನೂನಿನ ಪ್ರಕಾರ 8 ಗಂಟೆ ಶಿಫ್ಟ್ ಮಾಡಿದರೆ ಒಂಬತ್ತು ಜನ ಬೇಕು, ವಾರದ ರಜೆಗೆ ಇನ್ನೊಬ್ಬರೋ ಇಬ್ಬರೋ. ಅಂದರೆ ಕನಿಷ್ಠ ವೇತನದಿಂದ ಕೆಲಸ ಹೋಗುತ್ತೆ ಅಂತ ಅಳೋ ನಾವೇ ಮೊದಲಿಂದ ಮೂರು ಜನರ ಕೆಲಸ ನುಂಗಿ ಕೂತಿದ್ದೇವೆ, ಅಲ್ವಾ? ಇದರ ಖರ್ಚು 150ರಲ್ಲಿ ಮುಗಿಯಲ್ಲ, ಗೊತ್ತು. ಬಿಲ್ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ. ಮೂಲೆಯಲ್ಲಿ ಇಬ್ಬರು ಹುಡುಗರನ್ನ ಇಟ್ಟುಕೊಂಡು ಬೇಕರಿ ನಡೆಸೋರು ಕಷ್ಟ ಅಂದರೆ ನಂಬುತ್ತೇನೆ. ಬೇಸ್‌ಮೆಂಟಲ್ಲಿ ಮನೆಗೆರಡು ಕಾರು ನಿಲ್ಲಿಸೋ ನಾವು ಹೇಳಿದರೆ ನಂಬೋದು ಹೇಗೆ?

ತಮಾಷೆ ಅಂದ್ರೆ, 2025ರ ಜೂನ್‌ನಲ್ಲಿ ಐಟಿಯವರಿಗೆ ದಿನಕ್ಕೆ 12 ಗಂಟೆವರೆಗೆ ಕೆಲಸ ಮಾಡಿಸಬಹುದು ಅನ್ನೋ ಪ್ರಸ್ತಾಪ ಬಂದಾಗ ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಬೆಂಕಿ ಬಿದ್ದಿತ್ತು. ಇದು ಜೀತ ಅಂತ ಬರೆದವರಿಗೆ ಗೇಟು ತೆಗೆದು ಸಲಾಂ ಹೊಡೆದವರು ಆಗಲೇ 12 ಗಂಟೆ ಡ್ಯೂಟಿಯಲ್ಲಿದ್ದರು.

ಇದು ಅಪಾರ್ಟ್‌ಮೆಂಟಿನ ಕಥೆ ಮಾತ್ರ ಅಲ್ಲ. 2020ರಲ್ಲಿ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನಕ್ಕೆ 16 ರೂಪಾಯಿ. ಅದಕ್ಕೆ ಹೈಕೋರ್ಟ್ ತನಕ ಹೋಗಬೇಕಾಯಿತು, ಕೋರ್ಟು ಕೊಡಿ ಅಂದಮೇಲೂ ಬಹಳ ದಿನ ಕೈಗೆ ಬರಲಿಲ್ಲ. ಇನ್ನು ಮನೆಗೆಲಸದವರಿಗೂ ನಮ್ಮ ರಾಜ್ಯದಲ್ಲಿ 2004ರಿಂದಲೇ ಕನಿಷ್ಠ ವೇತನ ನಿಗದಿಯಾಗಿದೆ. ನಮ್ಮ ಫ್ಲೋರಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. (ನನಗೂ ಮೊನ್ನೆ ಮೊನ್ನೆ ಗೊತ್ತಾಗಿದ್ದು.)

ಹಿಂದಿನ ಗೇಟಿನ ಅಣ್ಣ ಈಗ ಕನಕಪುರ ರಸ್ತೆಯಲ್ಲಿ ಇನ್ನೊಂದು ಅಪಾರ್ಟ್‌ಮೆಂಟಿಗೆ ಹೋಗಿದ್ದಾರೆ, ಅದೇ 12 ಗಂಟೆ. ಬೀಗ ಬಿದ್ದ ಗೇಟಿನ ಹತ್ತಿರ ದಿನಾ ಡೆಲಿವರಿ ಹುಡುಗರು ಬಂದು ನಿಂತು ಫೋನ್ ಮಾಡುತ್ತಾರೆ. ಮುಂದಿನ ತಿಂಗಳು ಎಜಿಎಂ, ಅಂದರೆ ವಾರ್ಷಿಕ ಸಭೆ, ಇದೆ. ಏಜೆನ್ಸಿಯವರು ಪ್ರತಿ ಗಾರ್ಡಿನ ಪೇ ಸ್ಲಿಪ್ ಮತ್ತು ಹಾಜರಿ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಲಿ ಅಂತ ಬರೆದು ಕೊಟ್ಟಿದ್ದೇನೆ. ಸೆಕ್ರೆಟರಿ ಗ್ರೂಪಲ್ಲಿ ಒಂದು ಹೆಬ್ಬೆಟ್ಟು ಹಾಕಿದ್ದಾರೆ, ಅಷ್ಟೇ.