ಒಣ ಬಟ್ಟೆಯ ಅಕ್ಕರೆ

ತೊಳೆದು ನಿಲ್ಲಿಸಿದ ನಮ್ಮ ಕಪ್ಪು ಕಾರನ್ನು ಬೀದಿದೀಪದ ಕೆಳಗೆ ನೋಡಿದ, ಕಾರು ಚೊಕ್ಕವಾಗಿಡುವ ಹುಚ್ಚಿನವರ ಬಳಗದವರೊಬ್ಬರು ಕೇಳಿದ್ದು ಒಂದೇ ಮಾತು: "ದಿನಾ ಒಣ ಬಟ್ಟೆಯಲ್ಲಿ ಒರೆಸುತ್ತೀರಾ?" ಬಾನೆಟ್ಟಿನಲ್ಲಿ ದೀಪದ ಬಿಂಬದ ಸುತ್ತ ಜೇಡರಬಲೆಯಂತೆ ನೂರಾರು ಸಣ್ಣ ಗೀರು. ಕಾರು ಕೊಳಕಾಗಿದೆ ಅಂದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಆ ಗೀರುಗಳೆಲ್ಲ ಪ್ರತಿ ಬೆಳಿಗ್ಗೆ ತೋರಿಸಿದ ಅಕ್ಕರೆಯಿಂದಲೇ ಬಿದ್ದವು.

ನಮ್ಮವರಿಗೆ ಕಾರೂ ಒಂದು ಹಿತ್ತಾಳೆ ಚೊಂಬು, ತಿಕ್ಕಿದಷ್ಟೂ ಬೆಳಗುತ್ತದೆ ಎಂಬ ನಂಬಿಕೆ. ಈ ಬಳಗದವರ ಲೆಕ್ಕ ತದ್ವಿರುದ್ಧ: ಮುಟ್ಟಿದಷ್ಟೂ ಮಂಕು. ಒಪ್ಪಲು ಮನಸ್ಸಿಲ್ಲದಿದ್ದರೂ ಸರಿ ಅವರದೇ. ಈಗಿನ ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಬಹುಪಾಲು ತಲೆಕೂದಲಿಗಿಂತ ತೆಳು. ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಎಷ್ಟೋ ಗಟ್ಟಿ. ಒಣ ಬಟ್ಟೆ ಹಿಡಿದು ಧೂಳು ಒರೆಸುವುದೆಂದರೆ ಆ ಪದರದ ಮೇಲೆ ಉಪ್ಪುಕಾಗದ ಆಡಿಸಿದ ಹಾಗೆ. ಬಟ್ಟೆ ಎಷ್ಟೇ ಮೆತ್ತಗಿರಲಿ, ಗೀರುವುದು ಅದರೊಳಗೆ ಸಿಕ್ಕ ಕಣ.

ಹಾಗಾಗಿ ಇವರಲ್ಲಿ ತೊಳೆಯುವ ಕೆಲಸದ ಅರ್ಧಭಾಗ ಕೈ ತಾಗಿಸದೆಯೇ ನಡೆಯುತ್ತದೆ. ನೆರಳಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾಗಿದೆಯೇ ಎಂದು ಅಂಗೈ ಇಟ್ಟು ನೋಡುತ್ತಾರೆ. ಮೊದಲು ಚಕ್ರಗಳು, ಅದಕ್ಕೆ ಬೇರೆಯೇ ಬಕೆಟ್, ಬೇರೆಯೇ ಬ್ರಷ್. ಬ್ರೇಕಿನ ಕಬ್ಬಿಣದ ಪುಡಿ ಮೆತ್ತಿದ ಬಟ್ಟೆ ಬಾಗಿಲಿಗೆ ತಾಗಿದರೆ ಕತೆ ಮುಗಿಯಿತು. ಆಮೇಲೆ ಮೇಲಿಂದ ಕೆಳಕ್ಕೆ ನೀರು, ನಂತರ ನೊರೆ. ನೊರೆಯನ್ನು ಮೂರರಿಂದ ಐದು ನಿಮಿಷ ಬಿಡಬೇಕು, ಒಣಗಲು ಮಾತ್ರ ಬಿಡಬಾರದು. ಸಡಿಲಾದ ಮಣ್ಣೆಲ್ಲ ಇಳಿದುಹೋದ ಮೇಲೆ ಕೈ ಹಾಕುವುದು. ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಬಾಗಿಲು ಮುಗಿದೊಡನೆ ಅತಿ ನವಿರು ಎಳೆಯ ಮೈಕ್ರೋಫೈಬರ್ ಕೈಗವಸನ್ನು ಬರೀ ನೀರಲ್ಲಿ ಜಾಲಿಸಿ, ಆಮೇಲೆ ಶಾಂಪೂವಿಗೆ ಅದ್ದುವುದು. ಬಕೆಟ್ಟಿನ ತಳದಲ್ಲೊಂದು ಜಾಲರಿ, ಕೂತ ಮರಳು ಮತ್ತೆ ಮೇಲೇಳದಂತೆ. ಕೈ ನೇರ ಗೆರೆಯಲ್ಲಿ ಹೋಗಬೇಕು, ಸುತ್ತಬಾರದು. ಬಾಗಿಲಿನ ಕೆಳಭಾಗ ಮತ್ತು ಹಿಂದಿನ ಬಂಪರ್ ಕೊನೆಗೆ, ಏಕೆಂದರೆ ರಸ್ತೆಯ ಕೊಳೆಯೆಲ್ಲ ಇರುವುದು ಅಲ್ಲೇ.

ಪಾತ್ರೆ ತೊಳೆಯುವ ಸೋಪಿನ ನೀರು ಬೇಡವೇ ಬೇಡ. ಜಿಡ್ಡು ತೆಗೆಯುವುದೇ ಅದರ ಕಸುಬಾದ್ದರಿಂದ ಹಚ್ಚಿದ ಮೇಣವನ್ನೂ ಎತ್ತಿಕೊಂಡು ಹೋಗುತ್ತದೆ.

ಒರೆಸುವಾಗಲೂ ನಮ್ಮ ಕೈಗೆ ತಿಕ್ಕುವ ಚಪಲ. ದಪ್ಪನೆಯ ಮೈಕ್ರೋಫೈಬರ್ ಟವೆಲನ್ನು ಹಾಸಿ, ಎರಡು ತುದಿ ಹಿಡಿದು ಎಳೆದರೆ ಸಾಕು, ನೀರನ್ನು ಅದೇ ಕುಡಿಯುತ್ತದೆ. ಹಾಗೇ ಒಣಗಲು ಬಿಟ್ಟರೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಚುಕ್ಕಿಯಾಗಿ ಉಳಿಯುತ್ತದೆ. ಹೊಸ ಚುಕ್ಕಿಯಾದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ಮತ್ತೆ ನೀರಲ್ಲಿ ತೊಳೆದರೆ ಹೋದೀತು. ಬಿಸಿಲಲ್ಲಿ ಬೆಂದು ಪದರವನ್ನೇ ಕೊರೆದ ಚುಕ್ಕಿಗೆ ಪಾಲಿಶ್ ಒಂದೇ ದಾರಿ. ಇನ್ನು ಟವೆಲ್ ನೆಲಕ್ಕೆ ಬಿತ್ತೋ, ಅವತ್ತಿಗೆ ಅದು ಕಾರಿನ ಮೈ ಒರೆಸುವ ಕೆಲಸಕ್ಕಿಲ್ಲ. ಕೊಡವಿ ಮತ್ತೆ ಬಳಸುವುದು ನಮ್ಮ ಹಳೇ ಚಾಳಿ.

ಅಸಲಿ ಅಂತರ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನಲ್ಲಿ. ಕನ್ನಡಿಯ ಬುಡ, ಬಂಪರಿನ ಅಂಚು, ಚಕ್ರದ ಮೇಲಿನ ಕಮಾನು, ಇವಕ್ಕೆ ಬಣ್ಣವಿಲ್ಲ, ಕ್ಲಿಯರ್ ಕೋಟೂ ಇಲ್ಲ. ಬಾನೆಟ್ಟಿಗೆ ಮೇಣ ಹಚ್ಚುವ ಭರದಲ್ಲಿ ಅದೇ ಬಟ್ಟೆ ಇಲ್ಲಿಗೂ ಸವರಿಬಿಡುತ್ತೇವೆ. ಮೇಣ ಆ ಒರಟು ಮೈಯ ಸಣ್ಣ ಕುಳಿಗಳಲ್ಲಿ ಕೂತು, ಒಣಗಿ, ಬಿಳಿ ಗೆರೆಯಾಗುತ್ತದೆ. ಒದ್ದೆ ಬಟ್ಟೆಗೆ ಅದು ಜಗ್ಗುವುದಿಲ್ಲ, ಮೇಣ ನೀರಿನಲ್ಲಿ ಕರಗುವುದಿಲ್ಲವಲ್ಲ. ಎಲ್ಲ ಬಗೆಯ ಕೊಳೆಗೂ ಒಗ್ಗುವ ಆಲ್ ಪರ್ಪಸ್ ಕ್ಲೀನರ್‌ನ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಇದರ ಬದಲು ಮೊದಲೇ ಪ್ಲಾಸ್ಟಿಕ್ಕಿನ ಮೇಲೆ ಸುಲಭವಾಗಿ ಕಿತ್ತುಬರುವ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೆ ಹತ್ತು ನಿಮಿಷದ ಕೆಲಸ.

ಬೂದಿ ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ಕಿಗೆ ಕೈಗೆ ಸಿಕ್ಕ ಎಣ್ಣೆ ಬಳಿಯುವವರನ್ನು ಕಂಡರೆ ಈಗ ಸಿಟ್ಟೇ ಬರುತ್ತದೆ. ಎರಡು ದಿನ ಮಿರಮಿರ ಮಿಂಚಿ, ಮೂರನೇ ದಿನ ದಾರಿಯ ಧೂಳೆಲ್ಲ ಅದಕ್ಕೇ. ಸೂರ್ಯನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕೆಡಿಸಿರುತ್ತದೆ, ಎಣ್ಣೆ ಅದನ್ನು ಮರೆಸುತ್ತದೆ ಅಷ್ಟೇ. ನೀರು ಆಧಾರಿತ ಟ್ರಿಮ್ ಡ್ರೆಸ್ಸಿಂಗ್, ಅಂದರೆ ಈ ಪ್ಲಾಸ್ಟಿಕ್ ಭಾಗಗಳಿಗೆಂದೇ ಇರುವ ಲೇಪ, ವಾಸಿ. ಪೂರ್ತಿ ಒಣಗಿದ ಪ್ಲಾಸ್ಟಿಕ್ಕಿಗೆ ಸ್ಪಾಂಜಿನಿಂದ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಹೆಚ್ಚಿದ್ದನ್ನು ಒರೆಸಿ ತೆಗೆಯಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಮೊದಲ ಮಳೆಗೇ ಬಾಗಿಲ ಮೇಲೆ ಜಿಡ್ಡಿನ ಧಾರೆ. ಹೆಚ್ಚು ದಿನ ಬಾಳುವುದು ಗಟ್ಟಿ ಪದರವಾಗಿ ಕೂರುವ ಟ್ರಿಮ್ ಕೋಟಿಂಗ್. ಹಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಜಿಡ್ಡು ತೆಗೆಯದಿದ್ದರೆ ಅದು ತೇಪೆ ತೇಪೆಯಾಗಿ ಕೂರುತ್ತದೆ; ಬಣ್ಣಕ್ಕೆ ತಾಗಿದ್ದನ್ನು ಆ ಕ್ಷಣವೇ ಒರೆಸದಿದ್ದರೆ ಗಟ್ಟಿಯಾಗುತ್ತದೆ. ಬಿಸಿಗಾಳಿ ಊದುವ ಹಾಟ್ ಏರ್ ಗನ್ ಹಿಡಿದು ಕಪ್ಪು ಮರಳಿಸುವ ಉಪಾಯವೂ ಇದೆ. ತಾತ್ಕಾಲಿಕ, ಅರೆಗಳಿಗೆ ಹೆಚ್ಚಾದರೆ ಪ್ಲಾಸ್ಟಿಕ್ಕಿನ ಒರಟು ಮೈಯೇ ಕರಗಿ ನಯವಾಗುತ್ತದೆ.

ಇಷ್ಟು ಹೇಳಿದ ಮೇಲೆ ಈ ಬಳಗದವರ ಮರುಳನ್ನೂ ಹೇಳದೆ ವಿಧಿಯಿಲ್ಲ. ಗೀರು ಕಂಡೊಡನೆ ಇವರಿಗೆ ಪಾಲಿಶಿಂಗ್ ಯಂತ್ರ ಬೇಕು. ಪಾಲಿಶ್ ಗೀರನ್ನು ತುಂಬುವುದಿಲ್ಲ, ಅದರ ಸುತ್ತಲಿನ ಕ್ಲಿಯರ್ ಕೋಟನ್ನು ತೇಯ್ದು ಮಟ್ಟ ಮಾಡುತ್ತದೆ. ಒಂದೊಂದು ಸಲಕ್ಕೂ ಕೆಲವು ಮೈಕ್ರಾನ್ ಖರ್ಚು. ಬಾನೆಟ್ಟಿನ ಅಂಚಿನಲ್ಲಿ, ಮಡಿಕೆಯ ಗೆರೆಯಲ್ಲಿ ಪದರ ಮೊದಲೇ ತೆಳು. ಯಂತ್ರದ ಪ್ಯಾಡು ಅಲ್ಲಿ ನಿಂತರೆ ಬಣ್ಣವೇ ಬೋಳು. ಉಗುರಾಡಿಸಿದಾಗ ತಡೆಯುವ ಗೀರು ಪಾಲಿಶಿಗೆ ಹೋಗುವುದಿಲ್ಲವೆಂದು ಗೊತ್ತಿದ್ದೂ ವರ್ಷವರ್ಷ ತೇಯುವವರಿದ್ದಾರೆ. ಜೇಡರಬಲೆಯಿದ್ದರೂ ನಮ್ಮ ಒಣ ಬಟ್ಟೆಯ ಕಾರಿನಲ್ಲಿ ಬಿಸಿಲಿಗೆ ಅಡ್ಡ ನಿಲ್ಲುವ ಪದರ ಇವರದಕ್ಕಿಂತ ದಪ್ಪಗೇ ಉಳಿದಿರಬಹುದು. ತೇಯಲೇಬೇಕೆಂದರೆ ಎರಡಡಿ ಚೌಕದಲ್ಲಿ, ಮೆತ್ತನೆಯ ಪ್ಯಾಡು ಮತ್ತು ಕಡಿಮೆ ತೇಯುವ ಪಾಲಿಶಿನಿಂದ ಮೊದಲು ಪರೀಕ್ಷಿಸಿ ನೋಡುವುದು ಕ್ಷೇಮ.

ಮತ್ತೆ ನಮ್ಮವರು ಒಂದೇ ಬಕೆಟ್ ನೀರಿನಲ್ಲಿ ಕಾರು ತೊಳೆದು ಮುಗಿಸುವ ಜಿಪುಣತನ. ಪೈಪು, ನೊರೆ ಉಗುಳುವ ಗನ್ ಹಿಡಿದು ಇವರು ಹರಿಸುವ ನೀರು ನೋಡಿದರೆ ನಮ್ಮ ಬಕೆಟ್ಟಿಗೆ ಒಂದು ನಮಸ್ಕಾರ. ಈಚೆಗೆ ಇವರಲ್ಲೇ ಹಲವರು ಮತ್ತೆ ನೀರು ಹಾಯಿಸಬೇಕಿಲ್ಲದ ರಿನ್ಸ್‌ಲೆಸ್ ದ್ರಾವಣಕ್ಕೆ ಬಂದಿದ್ದಾರೆ: ಹತ್ತು ಲೀಟರ್ ನೀರಿಗೆ ಡಬ್ಬಿಯ ಮೇಲೆ ಬರೆದಷ್ಟು ಅಳತೆ, ಎಂಟು ಸಣ್ಣ ಮೈಕ್ರೋಫೈಬರ್ ಬಟ್ಟೆ. ಬಾಗಿಲಿಗೆ ಮೊದಲು ಅದೇ ದ್ರಾವಣ ಸಿಂಪಡಿಸಿ, ನೆನೆಸಿದ ಬಟ್ಟೆಯನ್ನು ನಾಲ್ಕಾಗಿ ಮಡಿಸಿ, ಒಂದು ಮಗ್ಗುಲಿನಲ್ಲಿ ಒಂದೇ ಎಳೆತ. ಮಗ್ಗುಲು ಮುಗಿದ ಬಟ್ಟೆ ಬಕೆಟ್ಟಿಗೆ ವಾಪಸ್ಸಿಲ್ಲ. ನಮ್ಮದೇ ಬಕೆಟ್, ನಮ್ಮದೇ ಬಟ್ಟೆ. ಉಜ್ಜುವುದನ್ನು ಮಾತ್ರ ಬಿಟ್ಟಿದ್ದಾರೆ. ಕೆಸರು ಮೆತ್ತಿದ ದಿನ ಇದು ನಡೆಯುವುದಿಲ್ಲ, ಪೈಪು ಹಿಡಿಯಲೇಬೇಕು.